ಮರೆತದ್ದು ನಿಜ

"ಮರೆತುಹೋಗಿದೆ ಅಕ್ಕ" ಎಂದು ನೆಂಡೆನ್ ಮತ್ತೆ ಹೇಳಿದಾಗ ಫೋನಿನ ಆ ಕಡೆಯಿಂದ ಈಮಾಸ್ ಒಂದು ಉದ್ದನೆಯ ಉಸಿರು ಬಿಟ್ಟಳು. ಆ ಉಸಿರಿನ ಅರ್ಥ ನೆಂಡೆನ್‌ಗೆ ಚಿಕ್ಕಂದಿನಿಂದ ಗೊತ್ತು. ಡಬ್ಬಿಯಲ್ಲಿ ತಾಳೆಬೆಲ್ಲ ಕಡಿಮೆಯಾದಾಗಲೂ ಅಕ್ಕ ಹೀಗೇ ಉಸಿರು ಬಿಟ್ಟು, "ಸರಿ, ನೀನು ತಿಂದಿಲ್ಲ ಬಿಡು" ಅನ್ನುತ್ತಿದ್ದಳು.

"ಸರಿ, ಮರೆತಿದೀಯ ಬಿಡು," ಎಂದಳು ಈಮಾಸ್ ಈಗಲೂ. "ಎಲೆ ಎಲ್ಲಿ ತಿರುಗುತ್ತೆ, ಮೊಗ್ಗು ಎಲ್ಲಿ ಬರುತ್ತೆ, ಎಲ್ಲಾ ತಲೇಲಿಟ್ಕೊಂಡಿರೋಳು ನೀನು. ನೀನೇ ಇಟ್ಟ ಒಂದು ಪದ ಮಾತ್ರ ನೆನಪಿಲ್ಲ."

"ಅಕ್ಕ, ಆಣೆ ಮಾಡಿ ಹೇಳ್ತೀನಿ."

"ಆಣೆಗೀಣೆ ಬೇಡ ಕಣೇ. ನಾನಿಲ್ಲಿ ಮೆಷಿನ್ ನಿಲ್ಲಿಸ್ಕೊಂಡು ಕೂತಿದೀನಿ."

ಫೋನು ಕಟ್ಟಾಯಿತು.

ತಾಸಿಕ್ ಪೇಟೆಯ ಅಂಚಿನ ಕವಾಲುವಿನಲ್ಲಿ ಕಸೂತಿ ಮಾಡದ ಮನೆಯೇ ಇಲ್ಲ ಅನ್ನಬಹುದು. ಯಾವ ಓಣಿಗೆ ಹೋದರೂ ಮೆಷಿನ್ನುಗಳ ಸದ್ದು. ಗಂಡನಿಂದ ಬೇರೆಯಾದ ಮೇಲೆ ಈಮಾಸ್ ಅಲ್ಲಿ ಒಂದು ಹಳೆಯ ಕಸೂತಿ ಯಂತ್ರ ಕೊಂಡು ಕಾರ್ಖಾನೆ ಶುರುಮಾಡಿದ್ದಳು. ನಮಾಜಿಗೆ ಹೆಂಗಸರು ತೊಡುವ ಬಿಳಿಯ ಮುಕೆನಾಗಳ ಅಂಚಿಗೆ ಹೂಬಳ್ಳಿ ಹಾಕುವ ಕೆಲಸ. ವ್ಯಾಪಾರ, ನೂಲು, ಕೆಲಸದವರು ಇವೆಲ್ಲ ಈಮಾಸ್‌ಳ ಪಾಲು. ಹೂಬಳ್ಳಿ ಬರೆಯುವುದು ತಂಗಿ ನೆಂಡೆನ್‌ಳ ಪಾಲು. ಬರೆದದ್ದೆಲ್ಲ ಒಂದು ಹಳೆಯ, ಇಟ್ಟಿಗೆಯಂತೆ ದಪ್ಪನಾದ ಲ್ಯಾಪ್‌ಟಾಪಿನಲ್ಲಿತ್ತು. ಯಂತ್ರದ ಅಗಲ ಮೂತಿಯ ತಂತಿ ಅದಕ್ಕೆ ಮಾತ್ರ ಕೂರುತ್ತಿತ್ತು, ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಿಗೆ ಕೂರುತ್ತಿರಲಿಲ್ಲ.

ಒಂದು ವರ್ಷ ಕೆಲಸದವನೊಬ್ಬ ಇವರ ಬಳ್ಳಿಗಳನ್ನು ಕದ್ದು ಪಕ್ಕದ ಓಣಿಯವರಿಗೆ ಕೊಟ್ಟುಬಿಟ್ಟಿದ್ದ. ಆ ಸಿಟ್ಟಿಗೆ ನೆಂಡೆನ್ ಲ್ಯಾಪ್‌ಟಾಪಿಗೆ ಬೀಗ ಹಾಕಿದಳು. ಸಾಮಾನ್ಯ ಬೀಗವಲ್ಲ, ಲ್ಯಾಪ್‌ಟಾಪು ಕಣ್ಣು ಬಿಡುವ ಮೊದಲೇ, ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳಿ ನಿಂತುಬಿಡುವ ಬೀಗ. ಅದು ಆರಂಭವಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರಿಂದ ಅವರು ಅದನ್ನು ಎಂದೂ ಪೂರ್ತಿ ಆರಿಸುತ್ತಿರಲಿಲ್ಲ. ಸಂಜೆ ಮುಚ್ಚಳ ಮುಚ್ಚಿದರೆ ಮಲಗುತ್ತಿತ್ತು, ಬೆಳಿಗ್ಗೆ ತೆರೆದರೆ ಏಳುತ್ತಿತ್ತು. ಕರೆಂಟು ಹೋದರೆ ಬ್ಯಾಟರಿ ಕಾಯುತ್ತಿತ್ತು. ಹೀಗಾಗಿ ಪಾಸ್‌ವರ್ಡ್ ಹೊಡೆಯುವ ಪ್ರಸಂಗವೇ ಬರಲಿಲ್ಲ. ನೆಂಡೆನ್ ಮದುವೆಯಾಗಿ ಗಾರುತ್‌ಗೆ ಹೋಗಿ ಎರಡು ವರ್ಷದ ಮೇಲಾಯಿತು. ಈಗ ಬ್ಯಾಟರಿ ಉಬ್ಬಿ ಕೀಲಿಗಳನ್ನೇ ಮೇಲೆತ್ತಿದಾಗ, ಯಂತ್ರ ನೋಡಿಕೊಳ್ಳುವ ಜಾಜಾ ಮಾಮ ಅದನ್ನು ತೆಗೆದು ಹೊಸದು ಹಾಕಿದ. ಲ್ಯಾಪ್‌ಟಾಪು ಪಾಸ್‌ವರ್ಡ್ ಕೇಳಿತು. ಉಪವಾಸದ ತಿಂಗಳಿಗೆ ಮುಂಚೆ ಜಕಾರ್ತಾದ ಸಗಟು ವ್ಯಾಪಾರಿಗೆ ಮಲ್ಲಿಗೆ ಬಳ್ಳಿಯ ಮುಕೆನಾಗಳು ಹೋಗಬೇಕಾಗಿತ್ತು.

ನೆಂಡೆನ್ ಫೋನು ಹಿಡಿದುಕೊಂಡೇ ಕೂತಿದ್ದಳು. ಆ ಪದವನ್ನು ನೆನೆಯಲು ಹೋದರೆ ತಲೆಯೊಳಗೆ ಒಂದು ಖಾಲಿ ಗೋಡೆ ಎದುರಾಗುತ್ತಿತ್ತು. ಹೊಡೆದ ದಿನದ ಸೆಕೆ ನೆನಪಿತ್ತು, ಸಿಟ್ಟು ನೆನಪಿತ್ತು, ಎರಡು ಸಲ ಹೊಡೆಯಬೇಕಾಗಿ ಬಂದದ್ದೂ ನೆನಪಿತ್ತು. ಏನು ಹೊಡೆದೆ ಅನ್ನುವುದು ಮಾತ್ರ ಇಲ್ಲ.

"ಅವಳು ನಂಬ್ತಿಲ್ಲ ರೀ," ಎಂದಳು ಗಂಡನಿಗೆ. "ಇಲ್ಲಿ ನಾನು ಒಂದು ಮೆಷಿನ್ ಇಟ್ಕೊಂಡಿದೀನಲ್ಲ, ಅದಕ್ಕೇ ಬಳ್ಳಿಗಳನ್ನ ಬಚ್ಚಿಡ್ತಿದೀನಿ ಅಂದ್ಕೊಂಡಿದಾಳೆ."

ರುಕ್ಮಾನ್ ಚರ್ಮದ ಜಾಕೆಟ್ಟು ಹೊಲಿಯುವವನು, ಮಾತು ಕಡಿಮೆ. ಬಾಯಲ್ಲಿದ್ದ ದಾರ ಕಚ್ಚಿ ತೆಗೆದು ಹೇಳಿದ, "ಹೋಗಿ ಬಾ. ಫೋನಲ್ಲಿ ನಿಜಾನೂ ಸುಳ್ಳಿನ ಥರಾನೇ ಕೇಳ್ಸುತ್ತೆ."

"ಹೋಗಿ ಏನ್ ಮಾಡ್ಲಿ? ಮರೆತಿರೋದನ್ನ ತೋರಿಸೋಕಾಗುತ್ತಾ?"

"ಮುಖ ತೋರ್ಸು ಸಾಕು."

ಮರುದಿನ ಅವಳು ದೊದೊಲ್ ಮಿಠಾಯಿಯ ಒಂದು ಪೊಟ್ಟಣ ಕಟ್ಟಿಕೊಂಡು ತಾಸಿಕ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆಗ ತನಗೆ ಪ್ರಿಯವಾಗಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತ ಹೋದಳು. ಯಾವುದೂ "ನಾನೇ" ಅನ್ನಲಿಲ್ಲ.

ಈಮಾಸ್ ಬಾಗಿಲಲ್ಲೇ ನಿಂತಿದ್ದಳು. ತಂಗಿ ಬಗ್ಗಿ ಅವಳ ಕೈಯನ್ನು ಹಣೆಗೊತ್ತಿಕೊಂಡಾಗ ಕೈ ಹಿಂತೆಗೆಯಲಿಲ್ಲ, ತಬ್ಬಲೂ ಇಲ್ಲ.

"ಊಟ ಆಯ್ತಾ?"

"ಇಲ್ಲ."

"ಸಣ್ಣಗಾಗಿದೀಯ. ಅಲ್ಲಿ ಊಟ ಹಾಕಲ್ವಾ?" ಎನ್ನುತ್ತ ಒಳಗೆ ಹೋಗಿ, ಹುದುಗು ಬರಿಸಿದ ಓಂಚೋಮ್ ಬೆರೆಸಿ ಕಲಸಿದ ಬಿಸಿ ಅನ್ನ, ಹಸಿಮೆಣಸಿನಕಾಯಿ ಸಾಂಬಾಲ್ ಚಟ್ನಿ, ಕರಿದ ಒಣಮೀನು ತಂದಿಟ್ಟಳು. ತಂಗಿ ತಿನ್ನುವವರೆಗೂ ಎದುರಿಗೇ ಕೂತಿದ್ದಳು. ತಿಂದು ಕೈ ತೊಳೆದ ಮೇಲೆ ಬೀರುವಿನಿಂದ ಒಂದು ಮುಕೆನಾ ತಂದು ತಂಗಿಯ ತೊಡೆಯ ಮೇಲೆ ಹಾಕಿದಳು.

"ಇದನ್ನ ತಾಸಿಕ್ ಪೇಟೇಲಿ ಕೊಂಡೆ. ಗಾರುತ್ ಮಾಲಂತೆ."

ನೆಂಡೆನ್ ನೋಡಿದಳು. ಅವಳದೇ. ಅಂಚಿನ ತುಂಬ ಮಲ್ಲಿಗೆ.

"ನಂದೇ," ಎಂದಳು.

"ಬಳ್ಳಿ ಯಾರ್ದು?"

"ಅದೂ ನಂದೇ ಅಕ್ಕ." ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಸರಿಯಾಗ್ ನೋಡು. ಇಲ್ಲಿನ ಬಳ್ಳಿ ಬಲಕ್ಕೆ ಸುತ್ತುತ್ತೆ, ಇದು ಎಡಕ್ಕೆ. ಮೊಗ್ಗು ಬೇರೆ, ತೊಟ್ಟು ಬೇರೆ. ಕದ್ಕೊಂಡು ಹೋಗಿದ್ರೆ ಹೊಸದಾಗಿ ಕೂತ್ಕೊಂಡು ಬರೀತಿದ್ನಾ? ನನ್ನ ಕೈಗೆ ಬರೋದೇ ಮಲ್ಲಿಗೆ. ಬೇರೆ ಏನ್ ಮಾಡ್ಲಿ?"

ಈಮಾಸ್ ಬಟ್ಟೆ ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ಬೆರಳಿನಿಂದ ದಾರ ಸವರುತ್ತ ನಿಂತಳು. ಆಮೇಲೆ ಅದನ್ನು ಮಡಿಸಿಟ್ಟು, "ಬಾ, ಮೊದಲು ಅದನ್ನ ನೋಡು" ಎಂದಳು.

ಕಾರ್ಖಾನೆಯಲ್ಲಿ ಯಂತ್ರದ ಸದ್ದಿರಲಿಲ್ಲ. ಸೂಜಿಗಳೆಲ್ಲ ಬಟ್ಟೆಯ ಮೇಲೆ ಸುಮ್ಮನೆ ನಿಂತಿದ್ದವು. ಜಾಜಾ ಮಾಮ ತಾನೇ ಏನೋ ತಪ್ಪು ಮಾಡಿದವನಂತೆ ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದ. "ನಾನು ಬ್ಯಾಟರಿ ಮುಟ್ಬಾರ್ದಿತ್ತು ತಾಯಿ," ಎಂದ. "ಅಷ್ಟೊಂದು ಉಬ್ಬಿತ್ತು ಮಾಮ, ಮುಟ್ಟದೇ ಇದ್ದಿದ್ರೆ ಮನೆಗೇ ಬೆಂಕಿ ಹತ್ತಿರೋದು," ಎಂದು ನೆಂಡೆನ್ ಸ್ಟೂಲು ಎಳೆದುಕೊಂಡಳು.

ಮೊದಲು, ತೀರಿಕೊಂಡ ಅಮ್ಮನ ಹೆಸರು ಹೊಡೆದಳು. ತಪ್ಪು. ಕಾರ್ಖಾನೆಯ ಹೆಸರು. ತಪ್ಪು. ಆಗ ಸಾಕಿದ್ದ ಬೆಕ್ಕಿನ ಹೆಸರು. ಅದಕ್ಕೆ ಪರದೆಯ ಮೇಲೆ ಒಂದು ಉದ್ದದ ಸಂಖ್ಯೆ ಬಂದು ಎಲ್ಲವೂ ಸ್ತಬ್ಧವಾಯಿತು. ಗುಂಡಿ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಬೇಕಾಯಿತು. ಮತ್ತೆ ಮೂರು, ಮತ್ತೆ ಅದೇ ಸಂಖ್ಯೆ. ಈಮಾಸ್ ಅವಳ ಹಿಂದೆ ನಿಂತು ಬೆರಳುಗಳನ್ನೇ ನೋಡುತ್ತಿದ್ದಳು. ಆ ನೋಟ ಬೆನ್ನಿಗೆ ತಾಗುತ್ತಿತ್ತು.

ಅಷ್ಟರಲ್ಲಿ ನೆಂಡೆನ್‌ಗೆ ಬೇರೊಂದು ಹೊಳೆಯಿತು. ಅದನ್ನು ಅಕ್ಕನ ಎದುರಿಗೆ ಹೊಡೆಯಲು ಮನಸ್ಸಾಗಲಿಲ್ಲ. ಆದರೆ ಹೊಡೆಯದೆ ಬಿಟ್ಟರೆ ಮರೆತಿದ್ದೇನೆ ಅನ್ನುವ ಮಾತಿಗೆ ಏನು ಬೆಲೆ? ಅವಳು ಹೊಡೆದಳು.

"ಗಾರುತ್ ಅಂತ ಹೊಡೆದ್ಯಾ?" ಎಂದಳು ಈಮಾಸ್.

"ಹೂಂ."

ಅದೂ ತಪ್ಪಾಗಿತ್ತು. ಆದರೆ ಈಮಾಸ್‌ಗೆ ಈಗ ಪರದೆಯ ಮೇಲೆ ಗಮನವಿರಲಿಲ್ಲ.

"ಬೀಗ ಹಾಕಿದಾಗ ರುಕ್ಮಾನ್ ಯಾರು ಅಂತ್ಲೂ ನಮಗೆ ಗೊತ್ತಿರ್ಲಿಲ್ಲ."

"ನಿನಗೆ ಗೊತ್ತಿರ್ಲಿಲ್ಲ."

ಜಾಜಾ ಮಾಮ ನೂಲಿನ ಉಂಡೆ ಎತ್ತಿಕೊಂಡು ಮೆಲ್ಲನೆ ಹಿತ್ತಲಿಗೆ ಹೋದ.

"ಎಷ್ಟು ದಿನ ಮುಚ್ಚಿಟ್ಟಿದ್ದೆ?"

"ಒಂದು ವರ್ಷ. ಇನ್ನೂ ಜಾಸ್ತೀನೇ ಇರ್ಬೇಕು." ನೆಂಡೆನ್ ತಿರುಗದೆ, ಪರದೆಯನ್ನೇ ನೋಡುತ್ತ ಹೇಳಿದಳು. "ಭಾವ ಬಿಟ್ಟುಹೋದ್ಮೇಲೆ ನೀನು ಒಂದು ದಿನ ಕೂತು ಅತ್ತಿದ್ದನ್ನ ನಾನು ನೋಡ್ಲಿಲ್ಲ ಅಕ್ಕ. ನೀನು ಬರೀ ಕೆಲಸಾನೇ ಮಾಡ್ತಿದ್ದೆ. ನಾನೂ ಹೋಗ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾಳೆ ಹೇಳೋಣ, ಹಬ್ಬ ಆಗ್ಲಿ, ಈ ಆರ್ಡರ್ ಮುಗೀಲಿ ಅಂತ ತಳ್ಕೊಂಡೇ ಬಂದೆ."

"ಕೊನೆಗೆ ಅವನ ಕಡೆಯೋರು ಹೆಣ್ಣು ಕೇಳೋಕೆ ಬಾಗಿಲಿಗೆ ಬಂದಾಗ ನನಗೆ ಗೊತ್ತಾಯ್ತು," ಎಂದಳು ಈಮಾಸ್. "ಹಳೇ ಮಾಸಿದ ಬಟ್ಟೇಲಿದ್ದೆ, ಕೈಯೆಲ್ಲಾ ಎಣ್ಣೆ. ಅವ್ರ ಮುಂದೆ ಹ್ಞೂ ಹ್ಞೂ, ನನಗೆ ಮೊದಲೇ ಗೊತ್ತಿತ್ತು ಅಂತ ತಲೆ ಆಡಿಸ್ದೆ."

ಆ ದಿನ ಅಕ್ಕ ನಗುನಗುತ್ತಲೇ ಚಹಾ ಕೊಟ್ಟಿದ್ದು ನೆಂಡೆನ್‌ಗೆ ನೆನಪಿತ್ತು. ಅದು ನಟನೆ ಎಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಅವಳ ಕಣ್ಣು ತುಂಬಿತು.

"ಅದಕ್ಕೇ ಕಣೇ ನನಗೆ ನಂಬಿಕೆ ಬರ್ಲಿಲ್ಲ," ಎಂದಳು ಈಮಾಸ್. "ನೀನು ಮನಸ್ಸಲ್ಲಿ ಒಂದನ್ನ ಇಟ್ಕೊಂಡು ನನ್ನ ಮುಂದೆ ಸುಮ್ನೆ ಓಡಾಡಬಲ್ಲೆ. ಅದನ್ನ ನಾನು ಕಣ್ಣಾರೆ ಕಂಡಿದೀನಿ."

ನೆಂಡೆನ್ ಅಂಗೈಯಿಂದ ಕಣ್ಣೊರೆಸಿಕೊಂಡಳು. ಈಮಾಸ್ ಎಲ್ಲೋ ನೋಡುತ್ತ ಕೇಳಿದಳು.

"ನನ್ನ ಹೆಸರು ಹಾಕಿ ನೋಡಿದ್ಯಾ?"

ನೆಂಡೆನ್ ಹೊಡೆದಳು. ಇಬ್ಬರೂ ಉಸಿರು ಹಿಡಿದರು. ತಪ್ಪು.

"ಅದೂ ಅಲ್ವಾ," ಎಂದಳು ಈಮಾಸ್. ಅವಳ ಮುಖ ಸಣ್ಣಗಾದದ್ದನ್ನು ಕಂಡು ನೆಂಡೆನ್‌ಗೆ ಅಳುವಿನ ನಡುವೆಯೇ ನಗು ಬಂತು. ತಡೆದಳು, ಆಗಲಿಲ್ಲ. ಈಮಾಸ್ ಅವಳ ತಲೆಗೊಂದು ಮೊಟಕಿದಳು. "ಬೆಕ್ಕಿನ ಹೆಸರು ಮೂರನೇದು, ಅಕ್ಕನ ಹೆಸರು ನಾನೇ ಹೇಳ್ಕೊಡ್ಬೇಕು. ಏಳು, ಇದು ನಮ್ಮ ಕೈಲಾಗೋ ಕೆಲಸ ಅಲ್ಲ. ಪೇಟೆಗೆ ಹೋಗೋಣ."

ಅಂಕೋಟ್ ವ್ಯಾನಿನಲ್ಲಿ ಲ್ಯಾಪ್‌ಟಾಪು ಇಬ್ಬರ ತೊಡೆಗಳ ಮೇಲೂ ಅರ್ಧರ್ಧ ಕೂತಿತ್ತು.

ತಾಸಿಕ್ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದವನ ಹೆಸರು ಒತೊಂಗ್. ದಪ್ಪನೆಯ ಆಳು. ಅವರು ಹೋದಾಗ ಬಾಕ್ಸೋ ಸೂಪು ಕುಡಿಯುತ್ತಿದ್ದ. ಬಟ್ಟಲು ಪಕ್ಕಕ್ಕಿಟ್ಟು ಲ್ಯಾಪ್‌ಟಾಪು ಹಚ್ಚಿ ನೋಡಿದ.

"ಒಳಗಿನ ಗುಂಡು ಬ್ಯಾಟರಿ ತೆಗೆದು ಹಾಕಿದ್ರೆ ಹೋಗುತ್ತೆ ಅಂತಾರಲ್ಲಪ್ಪ?" ಎಂದು ಕೇಳಿದಳು ಈಮಾಸ್.

"ಮೇಜಿನ ಮೇಲಿಡೋ ಕಂಪ್ಯೂಟರ್ರುಗಳಲ್ಲಿ ಹೋಗುತ್ತೆ ಅಕ್ಕ. ಇದರಲ್ಲಿ ಪದ ಒಂದು ಚಿಪ್‌ನೊಳಗೆ ಕೂತಿರುತ್ತೆ. ಕರೆಂಟಿಲ್ದೆ ಹತ್ತು ವರ್ಷ ಇಟ್ರೂ ಮರೆಯಲ್ಲ. ಮರೆಯೋರು ನಾವು." ಅವನು ಸುಳ್ಳು ಪದಗಳನ್ನು ಮೂರು ಸಲ ಒತ್ತಿದ. ಅದೇ ಉದ್ದದ ಸಂಖ್ಯೆ ಬಂತು. "ನಂಗೆ ಬೇಕಾಗಿದ್ದು ಇದು. ಇಂಥ ಹಳೇ ಮಾಲಲ್ಲಿ ಈ ಸಂಖ್ಯೆಯಿಂದ ಇನ್ನೊಂದು ಕೀಲಿಪದ ಲೆಕ್ಕ ಹಾಕಿ ತೆಗೀಬಹುದು. ಹೊಸದರಲ್ಲಾದ್ರೆ ಆಗ್ತಿರ್ಲಿಲ್ಲ."

ಹಾಗೆಂದವನು ಕೈ ಹಿಂದಕ್ಕೆ ತೆಗೆದುಕೊಂಡ. "ಬೇಜಾರು ಮಾಡ್ಕೋಬೇಡಿ. ಇದು ಯಾರ್ದು? ರಸೀದಿ ಇದೆಯಾ? ಕದ್ದ ಮಾಲು ತಂದು ಮರೆತೋಯ್ತು ಅನ್ನೋರು ಬೇಕಾದಷ್ಟು ಜನ."

ಸೆಕೆಂಡ್ ಹ್ಯಾಂಡ್ ಕೊಂಡದ್ದು, ರಸೀದಿ ಎಲ್ಲಿಯದು? ನೆಂಡೆನ್‌ಗೆ ಕಿವಿ ಬಿಸಿಯಾಯಿತು. ಮರೆತೆ ಅಂದರೆ ಇಲ್ಲಿಯೂ ಯಾರೂ ನಂಬುವುದಿಲ್ಲ.

"ಹಾಗಾದ್ರೆ ಒಳಗೇನಿದೆ ಹೇಳಿ," ಎಂದ ಒತೊಂಗ್. "ತೆಗೆದ್ಮೇಲೆ ನೋಡ್ತೀನಿ. ಹೇಳಿದ್ದೇ ಇದ್ರೆ ನಿಮ್ದು."

ಈಮಾಸ್ ಬಾಯಿ ತೆರೆದಳು. "ಮಲ್ಲಿಗೆ ಬಳ್ಳಿ ಇದೆ. ಆಮೇಲೆ... ಒಂದು ದೊಡ್ಡ ಹೂವಿಂದು..." ಅಲ್ಲಿಗೆ ನಿಂತಳು. ಇಷ್ಟು ವರ್ಷ ಮಾರಿದ್ದಳು, ಎಣಿಸಿದ್ದಳು, ಮಡಿಸಿದ್ದಳು, ಒಂದರ ಹೆಸರೂ ಅವಳಿಗೆ ಸರಿಯಾಗಿ ಬರಲಿಲ್ಲ. ಅವಳು ತಂಗಿಯ ಭುಜ ಹಿಡಿದು ಮುಂದಕ್ಕೆ ತಂದಳು.

"ಇವಳನ್ನ ಕೇಳಪ್ಪ. ಒಳಗಿರೋದೆಲ್ಲ ಇವಳು ಬರೆದಿದ್ದೇ. ಪಾಸ್‌ವರ್ಡ್ ಇಟ್ಟೋಳೂ ಇವಳೇ. ಮರೆತಿದಾಳೆ, ಪಾಪ. ನಿಜವಾಗ್ಲೂ ಮರೆತಿದಾಳೆ."

ನೆಂಡೆನ್ ಅಕ್ಕನ ಕಡೆ ನೋಡಿದಳು. ಈಮಾಸ್ ಸೂಪಿನ ಬಟ್ಟಲನ್ನು ನೋಡುತ್ತಿದ್ದಳು.

ನೆಂಡೆನ್ ಹೇಳತೊಡಗಿದಳು. ಬಲಕ್ಕೆ ಸುತ್ತುವ ಮಲ್ಲಿಗೆ, ಅದನ್ನು ಬರೆದಾಗ ಬಂದಿದ್ದ ಜ್ವರ. ಗಲೂಂಗ್‌ಗುಂಗ್ ಬೆಟ್ಟದ ದಾರಿಯಲ್ಲಿ ಕಂಡು ಬರೆದ ಜರೀಗಿಡ. ಈಮಾಸ್‌ಗೆ ಇಷ್ಟವಾಗದೆ ಯಂತ್ರಕ್ಕೇ ಹಾಕದ ದಾಸವಾಳ. ಒತೊಂಗ್ ತನ್ನ ಕಂಪ್ಯೂಟರಿನಲ್ಲಿ ಸಂಖ್ಯೆ ಹಾಕಿ, ಅಲ್ಲಿಂದ ಬಂದ ಅರ್ಥವಿಲ್ಲದ ಅಕ್ಷರಗಳನ್ನು ಲ್ಯಾಪ್‌ಟಾಪಿಗೆ ಹೊಡೆದ. ಪರದೆ ಒಂದು ಕ್ಷಣ ಕಪ್ಪಾಗಿ, ಆಮೇಲೆ ನಿಧಾನವಾಗಿ, ಎಂದಿನ ಆಲಸ್ಯದಲ್ಲಿ ಏಳತೊಡಗಿತು. ಬಳ್ಳಿಗಳೆಲ್ಲ ಇದ್ದವು.

"ಜರೀಗಿಡ ಇದೆ," ಎಂದ ಒತೊಂಗ್. "ದಾಸವಾಳಾನೂ ಇದೆ. ಚೆನ್ನಾಗೇ ಇದೆಯಲ್ಲಾ, ಯಾಕೆ ಇಷ್ಟ ಆಗ್ಲಿಲ್ಲ?"

"ಆಗ ಕಣ್ಣು ಸರಿ ಇರ್ಲಿಲ್ಲ," ಎಂದಳು ಈಮಾಸ್.

ಹಳೆಯ ಪದ ಏನಾಗಿತ್ತು ಎಂದು ನೆಂಡೆನ್ ಕೇಳಿದಳು. ಅದು ತನಗೂ ಕಾಣುವುದಿಲ್ಲ, ಅದನ್ನು ಅಳಿಸಬಹುದು ಅಷ್ಟೇ ಎಂದ ಒತೊಂಗ್. ಅವಳಿಗೆ ಸ್ವಲ್ಪ ನಿರಾಸೆಯಾಯಿತು. ಹೊಸ ಪದ ಇಡಲೇ ಅಂದಾಗ ಅಕ್ಕ ತಂಗಿ ಇಬ್ಬರೂ ಒಟ್ಟಿಗೇ ಬೇಡ ಎಂದರು. ಈಮಾಸ್ ಅಲ್ಲಿಯೇ ಒಂದು ಪೆನ್‌ಡ್ರೈವ್ ಕೊಂಡು ಬಳ್ಳಿಗಳನ್ನೆಲ್ಲ ಅದಕ್ಕೆ ತುಂಬಿಸಿ ತಂಗಿಯ ಚೀಲಕ್ಕೆ ಹಾಕಿದಳು.

"ಬೇಡ ಅಕ್ಕ. ನಿನ್ನ ಗಿರಾಕಿಗಳು..."

"ಸುಮ್ನಿರೇ. ಆದ್ರೆ ನಿನ್ನ ಮಲ್ಲಿಗೆ ಮಾತ್ರ ಎಡಕ್ಕೇ ಸುತ್ಲಿ. ಇಲ್ದಿದ್ರೆ ಜಕಾರ್ತಾದೋನು ನನ್ನ ಪ್ರಾಣ ತೆಗೀತಾನೆ."

ಮುಕೆನಾಗಳು ಸ್ವಲ್ಪ ತಡವಾಗಿಯೇ ಜಕಾರ್ತಾಕ್ಕೆ ಹೋದವು. ವ್ಯಾಪಾರಿ ಗೊಣಗಿದ, ತೆಗೆದುಕೊಂಡ. ಆ ಪದ ಮಾತ್ರ ನೆಂಡೆನ್‌ಗೆ ಎಂದೂ ನೆನಪಾಗಲಿಲ್ಲ. ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಒಂದು ಹೆಸರು ಹೊಳೆದು, ಇದೇ ಇರಬಹುದು ಅನ್ನಿಸುತ್ತಿತ್ತು. ನೋಡಲು ದಾರಿಯಿರಲಿಲ್ಲ.

ಹಬ್ಬ ಕಳೆದ ಮರುವಾರ ಈಮಾಸ್ ಮೊದಲ ಸಲ ಗಾರುತ್‌ಗೆ ಬಂದಳು. ರುಕ್ಮಾನ್ ಕುರ್ಚಿ ಒರೆಸಿ ಕೊಟ್ಟ. ಅವಳು ಕೂರಲಿಲ್ಲ. ನೇರ ಒಳಗೆ ಹೋಗಿ ತಂಗಿಯ ಮೆಷಿನ್ನಿನ ಸುತ್ತ ಒಂದು ಸುತ್ತು ಬಂದು, ದಾರ ಎಳೆದು ನೋಡಿ ಮುಖ ಕಿವುಚಿದಳು.

"ಇಷ್ಟು ಬಿಗಿಯಾ? ಅದಕ್ಕೇ ಅಂಚು ಸುಕ್ಕಾಗ್ತಿರೋದು. ಯಾರು ಹೇಳ್ಕೊಟ್ರೇ ನಿನಗೆ?"

"ಯಾರೂ ಹೇಳ್ಕೊಡ್ಲಿಲ್ಲ. ನೂಲಿನ ಕೆಲಸ ಯಾವಾಗ್ಲೂ ನೀನೇ ಮಾಡ್ತಿದ್ಯಲ್ಲ."

ಈಮಾಸ್ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡು ಸ್ಟೂಲಿನ ಮೇಲೆ ಕೂತಳು. "ಸ್ಕ್ರೂಡ್ರೈವರ್ ತಾ," ಎಂದಳು. "ಹಾಗೇ ಆ ದೀಪ ಇತ್ಲಾಗ್ ಹಿಡಿ."