ಸಂಪರ್ಕಿಸಿದವರು ನಾವಲ್ಲ

ನಿಮ್ಮ ಹನ್ನೆರಡು ಪದಗಳನ್ನು ಯಾರಿಗೂ ಕೊಡಬೇಡಿ ಎಂದು ಟೈಪ್ ಮಾಡಿ ಅವಳು ಗುಂಡಿ ಒತ್ತುವಷ್ಟರಲ್ಲಿ ಅದೇ ಮಾತನ್ನು ಇನ್ನೊಬ್ಬ ಬರೆದಾಗಿತ್ತು. ಅವನ ಹೆಸರಿನ ಪಕ್ಕದಲ್ಲೂ ಕಂಪನಿಯವರೆಂಬ ಗುರುತಿನ ನೀಲಿ ಗುರಾಣಿ ಹೊಳೆಯುತ್ತಿತ್ತು. "ಯಾರಿಗೂ ಕೊಡಬೇಡಿ ಸರ್, ತುಂಬಾ ಮೋಸ ನಡೀತಿದೆ. ನಾನು ಕಳಿಸಿದ ಪುಟದಲ್ಲಿ ಮಾತ್ರ ತುಂಬಿ."

ಕಳ್ಳನ ಕೈ ತನ್ನದಕ್ಕಿಂತ ಚುರುಕು ಎಂಬುದು ಅವಳಿಗೆ ಹೊಸ ವಿಷಯವಲ್ಲ. ವಿನಯದಲ್ಲೂ ಅವನೇ ಮುಂದು ಎಂಬುದು ಇವತ್ತು ಯಾಕೋ ಚುಚ್ಚಿತು.

ಅವಳ ಕಂಪನಿ ಮಾಡುವುದು ಕ್ರಿಪ್ಟೋ ಹಣ ಇಟ್ಟುಕೊಳ್ಳುವ ವಾಲೆಟ್. ಫೋನಿನೊಳಗೊಂದು ತಿಜೋರಿ, ಅಷ್ಟೆ. ಅದರ ಬೀಗದ ಕೈ ಹನ್ನೆರಡು ಪದಗಳು. ಪದಗಳನ್ನು ಮರೆತರೆ ಹಣ ಹೋಯಿತು, ಇನ್ನೊಬ್ಬರಿಗೆ ಹೇಳಿದರೂ ಹೋಯಿತು. ಯಾವ ಕಂಪನಿಯೂ ಏನೂ ಮಾಡಲಾರದು. ಆ ಏನೂ ಮಾಡಲಾಗದು ಎಂಬುದನ್ನು ನೋವಾಗದ ಹಾಗೆ ತಿಳಿಸುವುದಕ್ಕೆ ಅವಳಿಗೆ ಸಂಬಳ.

ಸಾಹಿತ್ಯದಲ್ಲಿ ಎಂ.ಎ. ಮಾಡಿ, ಪಿಎಚ್.ಡಿ.ಯನ್ನು ಅರ್ಧಕ್ಕೆ ಕೈಬಿಟ್ಟು ಬಂದವಳನ್ನು ಕಂಪನಿ ಭಾಷೆ ಚೆನ್ನಾಗಿದೆ ಎಂದು ಸೇರಿಸಿಕೊಂಡಿತ್ತು. ಗ್ರಾಹಕರು ಎಲ್ಲರಿಗೂ ಕಾಣುವಂತೆ ಪ್ರಶ್ನೆ ಕೇಳುವ ಪುಟವೊಂದಿತ್ತು. ಅಲ್ಲಿ ಉತ್ತರ ಬರೆಯುವುದು ಅವಳ ಕೆಲಸ. ಆ ಪುಟದ ನೆತ್ತಿಯ ಮೇಲಿನ ಎಚ್ಚರಿಕೆಯೂ ಅವಳದೇ. "ನಾವು ನಿಮ್ಮನ್ನು ಎಂದಿಗೂ ಮೊದಲಾಗಿ ಸಂಪರ್ಕಿಸುವುದಿಲ್ಲ. ಸಂಪರ್ಕಿಸಿದವರು ನಾವಲ್ಲ." ಎರಡನೆಯ ವಾಕ್ಯ ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ ಕಂಪನಿ ಅದನ್ನು ಚಹಾ ಕುಡಿಯುವ ಮಗ್ಗುಗಳ ಮೇಲೂ ಅಚ್ಚು ಹಾಕಿಸಿತು. ಅವಳ ಬರವಣಿಗೆಯಲ್ಲಿ ಅಚ್ಚಾದದ್ದು ಅದೊಂದೇ.

ಮನೆಯವರಿಗೂ ಅವಳು ಪಾಠ ಹೇಳಿದ್ದಳು. ಹೋದ ವರ್ಷ ಯಾರೋ ಭಾವನ ದನಿಯಲ್ಲಿ ಅಳುತ್ತಾ ಅಕ್ಕನಿಗೆ ಫೋನ್ ಮಾಡಿ, ಅಪಘಾತವಾಗಿದೆ, ತಕ್ಷಣ ಹಣ ಕಳಿಸು ಎಂದಿದ್ದರು. ಭಾವ ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದುದರಿಂದ ಅಕ್ಕ ಬಚಾವಾದಳು. ಅಂದಿನಿಂದ ಮನೆಗೊಂದು ಗುಟ್ಟಿನ ಪದ. ಫೋನಿನಲ್ಲಿ ಯಾರಾದರೂ ಅತ್ತರೆ ಮೊದಲು ಪದ ಕೇಳಬೇಕು. ಪರದೆಯ ಮೇಲೆ ಯಾರ ನಂಬರ್ ಕಂಡರೂ ನಂಬಬಾರದು. ಆಗಾಗ ಪದ ಬದಲಾಯಿಸಬೇಕು. ಹಳೆಯ ಪದ ಹೇಳಿದವರ ಬಗ್ಗೆ ಇನ್ನೂ ಹುಷಾರಾಗಿರಬೇಕು. ಇದನ್ನೆಲ್ಲ ಅವಳು ವಿವರಿಸುವಾಗ ಅಮ್ಮ ಹೆಮ್ಮೆಯಿಂದ ಅವಳ ಮುಖವನ್ನೇ ನೋಡುತ್ತಿದ್ದಳು.

ಇವತ್ತು ಬೆಳಿಗ್ಗೆಯಿಂದ ಗೋಳಾಡುತ್ತಿದ್ದವರು ಒಬ್ಬ ಕನ್ನಡಕದಂಗಡಿಯ ಯಜಮಾನರು. ಪಕ್ಕದ ಮನೆಯವರಿಗೆ ಹೇಳಿಕೊಳ್ಳುವಂತೆ ಎಲ್ಲವನ್ನೂ ಬರೆದಿದ್ದರು. ಕಟ್ಟಡದ ಮಾಲೀಕ ಅಂಗಡಿಯನ್ನು ಮಾರುತ್ತಿದ್ದಾನೆ. ತಾವೇ ಕೊಂಡುಕೊಳ್ಳದಿದ್ದರೆ ಬೀದಿಗೆ ಬೀಳಬೇಕು. ಕೊಳ್ಳಲೆಂದು ಕೂಡಿಟ್ಟದ್ದು ಪೂರ್ತಿ ಈ ವಾಲೆಟ್ಟಿನಲ್ಲಿದೆ. ಫೋನ್ ಬದಲಾಯಿಸಿದ ಮೇಲೆ ವಾಲೆಟ್ ಖಾಲಿ ತೋರಿಸುತ್ತಿದೆ.

ಖಾಲಿಯಾಗಿರಲಿಲ್ಲ. ಸೆಟ್ಟಿಂಗಿನಲ್ಲಿ ಇನ್ನೊಂದು ನೆಟ್‌ವರ್ಕ್ ಆರಿಸಿಕೊಂಡರೆ ಎಲ್ಲವೂ ಕಾಣುತ್ತಿತ್ತು. ಅವಳು ಅದನ್ನು ಬಿಡಿಸಿ ಬರೆದಳು. ಅವಳ ಉತ್ತರದ ಕೆಳಗೆ ಇನ್ನಷ್ಟು ನೀಲಿ ಗುರಾಣಿಗಳು ಮೊಳೆತವು, ಒಂದನ್ನು ಅಳಿಸಿದರೆ ಎರಡು. ನಾನೇ ನಿಜವಾದವನು ಎಂದು ಒಂದು ಬರೆಯಿತು. ಅಲ್ಲ, ನಾನೇ ಎಂದು ಇನ್ನೊಂದು. ಅವಳೂ ಬರೆದಳು, ಕಂಪನಿಯವಳು ನಾನೇ. ಬರೆದ ಮೇಲೆ ಓದಿ ನೋಡಿದಳು. ಅದು ಎಲ್ಲಕ್ಕಿಂತ ಪೊಳ್ಳಾಗಿ ಕೇಳಿಸಿತು.

ತಲೆಕೆಟ್ಟು ಯಜಮಾನರು ತಮ್ಮ ಫೋನ್ ನಂಬರನ್ನೇ ಪುಟದ ಮೇಲೆ ಹಾಕಿದರು. ನಿಜವಾದವರು ಯಾರಾದರೂ ಇದ್ದರೆ ದಯವಿಟ್ಟು ಫೋನ್ ಮಾಡಿ. ಹಾಗೆ ಹಾಕಿದ ನಂಬರನ್ನು ಕೂಡಲೇ ಅಳಿಸಬೇಕೆಂಬುದು ನಿಯಮ, ಅಳಿಸಿದಳು. ನಂಬರ್ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು.

ಗ್ರಾಹಕರಿಗೆ ತಾವಾಗಿ ಫೋನ್ ಮಾಡಿದವರು ಕೆಲಸ ಕಳೆದುಕೊಳ್ಳುತ್ತಾರೆ. ಅದೂ ನಿಯಮ, ಮತ್ತು ಒಳ್ಳೆಯ ನಿಯಮ. ಅವಳು ಮಗ್ಗು ತೊಳೆಯುವ ನೆಪ ಮಾಡಿಕೊಂಡು ಎದ್ದು, ಯಾರೂ ಬಳಸದ ಹಿಂದಿನ ಮೆಟ್ಟಿಲಿಗೆ ಹೋಗಿ, ತನ್ನ ಸ್ವಂತ ಫೋನಿನಿಂದ ಕರೆ ಮಾಡಿದಳು.

ಯಜಮಾನರು ಎತ್ತಿದರು. ಅವಳು ಕಂಪನಿಯ ಹೆಸರು ಹೇಳಿದಳು.

"ನೀವು ಯಾವತ್ತೂ ಫೋನ್ ಮಾಡಲ್ಲ ಅಂತ ನೀವೇ ಬರ್ದಿದೀರಲ್ಲಮ್ಮ."

"ಹೌದು ಸರ್. ಅದನ್ನ ಬರ್ದಿದ್ದು ನಾನೇ."

"ನೀವೇ ಬರ್ದು ನೀವೇ ಫೋನ್ ಮಾಡ್ತಿದೀರಾ?"

ಹಣ ಎಲ್ಲೂ ಹೋಗಿಲ್ಲ, ಸೆಟ್ಟಿಂಗ್ ತೆರೆಯಿರಿ, ಎರಡನೇ ಸಾಲು ಒತ್ತಿ ಎಂದು ಒಂದೇ ಉಸಿರಿಗೆ ಹೇಳಿದಳು. ಅದನ್ನು ಒತ್ತು, ಇದನ್ನು ಒತ್ತು ಎನ್ನುವವರೇ ಕಳ್ಳರೆಂದು ಇನ್ನೊಬ್ಬರು ಆಗಲೇ ಎಚ್ಚರಿಸಿದ್ದಾರೆ ಎಂದರು ಯಜಮಾನರು. ಆ ಇನ್ನೊಬ್ಬರೇ ಕಳ್ಳರು ಎಂದಳು ಅವಳು.

"ನೋಡಿಮ್ಮ, ಅವರು ಬೆಳಿಗ್ಗೆಯಿಂದ ನನ್ನ ಜೊತೆಗಿದಾರೆ. ಊಟ ಮಾಡ್ಕೊಂಡು ಬನ್ನಿ ಸರ್, ನಾನು ಕಾಯ್ತೀನಿ ಅಂದ್ರು. ನೀವು ಯಾರಾದ್ರೂ ಒಂದ್ಸಲ ಕೇಳಿದ್ರಾ?"

"ಕೈ ಮುಗೀತೀನಿ ಸರ್, ಆ ಪದಗಳನ್ನ ತುಂಬಬೇಡಿ." ಹೇಳುತ್ತಲೇ ಅವಳು ಅತ್ತುಬಿಟ್ಟಳು.

"ಗಾಬರಿ ಹುಟ್ಸೋರನ್ನ ನಂಬಬಾರ್ದು. ಅದನ್ನೂ ನೀವೇ ಬರ್ದಿದೀರಿ."

ಕರೆ ಕಟ್ಟಾಯಿತು. ಮತ್ತೆ ಮಾಡಿದಳು, ಹೋಗಲಿಲ್ಲ. ಆತ ಅವಳ ನಂಬರನ್ನು ತಡೆದಾಗಿತ್ತು. ತಾನು ಬರೆದದ್ದನ್ನು ಇಷ್ಟು ಗಮನವಿಟ್ಟು ಓದಿದವರು ಇನ್ನೊಬ್ಬರಿಲ್ಲ ಎಂದು ಮೆಟ್ಟಿಲ ಮೇಲೆ ನಿಂತವಳಿಗೆ ಹೊಳೆಯಿತು. ಪಿಎಚ್.ಡಿ. ಗೈಡು ಕೂಡ ಇಷ್ಟು ಓದಿರಲಿಲ್ಲ.

ಮಗ್ಗು ತೊಳೆದುಕೊಂಡು ಬಂದು ಕೂರುವಷ್ಟರಲ್ಲಿ ಪುಟದ ಮೇಲೆ ಯಜಮಾನರ ಹೊಸ ಮಾತು ಬಂದಿತ್ತು. ಸಮಸ್ಯೆ ಇನ್ನೇನು ಮುಗಿಯಲಿದೆ, ಸಹಾಯ ಮಾಡಿದ ಪುಣ್ಯಾತ್ಮರಿಗೆ ನಮಸ್ಕಾರ. ಎಲ್ಲರೂ ಎಚ್ಚರವಾಗಿರಿ, ಕಂಪನಿಯವಳೆಂದು ಹೇಳಿಕೊಂಡು ಒಬ್ಬ ಹೆಂಗಸು ಫೋನ್ ಮಾಡುತ್ತಿದ್ದಾಳೆ, ಒಳ್ಳೆಯ ಭಾಷೆ, ಅಳುವುದಕ್ಕೂ ಬರುತ್ತದೆ. ಕೆಳಗೆ ಅವಳ ನಂಬರ್. ಅದರ ಕೆಳಗೆ ನೀಲಿ ಗುರಾಣಿಗಳೆಲ್ಲ ಸೇರಿ ಆ ಹೆಂಗಸಿಗೆ ಛೀಮಾರಿ ಹಾಕುತ್ತಿದ್ದವು.

ಅಳಿಸಲು ಕೈ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಸೆಂಟಿನ ವಾಸನೆ ಬಂತು. ಮೇಲ್ವಿಚಾರಕ. ಬಂದಾಗಲೆಲ್ಲ ಏನ್ ಅಪ್‌ಡೇಟ್ ಎಂದು ಕೇಳುವುದರಿಂದ ಹುಡುಗಿಯರು ಅವನನ್ನು ಅಪ್‌ಡೇಟ್ ಎಂದೇ ಕರೆಯುತ್ತಿದ್ದರು.

"ಏನ್ ಅಪ್‌ಡೇಟ್?"

"ಏನಿಲ್ಲ ಸರ್. ನಂಬರ್ ಹಾಕಿದಾರೆ, ತೆಗೀತಿದೀನಿ."

ಅವನು ಬಗ್ಗಿ ಓದಿದ. ಬರೀ ತೆಗೆದರೆ ಸಾಲದು, ವಂಚಕರ ನಂಬರ್ ಎಂದು ರಿಪೋರ್ಟ್ ಮಾಡಬೇಕು ಎಂದ. ಹಾಗೆ ರಿಪೋರ್ಟ್ ಮಾಡಿದ ನಂಬರ್ ಫೋನ್ ಕಂಪನಿಗಳಿಗೆಲ್ಲ ಹೋಗುತ್ತದೆ; ಅದರಿಂದ ಕರೆ ಬಂದರೆ ಎತ್ತುವವರ ಪರದೆ ಕೆಂಪಗಾಗುತ್ತದೆ. ಈ ಏರ್ಪಾಡಿನ ಬಗ್ಗೆ ಕಂಪನಿಗೆ ಬಹಳ ಹೆಮ್ಮೆ.

ಅವಳು ರಿಪೋರ್ಟ್ ಮಾಡುವ ಪುಟ ತೆರೆದಳು. ಸರ್, ಅದು ನನ್ನ ನಂಬರ್ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದಿತು ಕೂಡ. ಆದರೆ ಬಾಡಿಗೆ ಮನೆ, ಅರ್ಧಕ್ಕೆ ನಿಂತ ಪಿಎಚ್.ಡಿ., ಅಮ್ಮನ ಹೆಮ್ಮೆ ಎಲ್ಲವೂ ಒಟ್ಟಿಗೆ ನೆನಪಾದವು. ಹೆದರಿಕೆಯಾಯಿತು. ಅಷ್ಟೇ, ಬೇರೇನೂ ಅಲ್ಲ.

"ಮಾಡಿ, ಯಾಕೆ ಯೋಚ್ನೆ ಮಾಡ್ತಿದೀರಿ?" ಎಂದ ಅಪ್‌ಡೇಟ್.

ಅವಳು ತನ್ನ ನಂಬರನ್ನು ತಪ್ಪಿಲ್ಲದೆ ಟೈಪ್ ಮಾಡಿದಳು. ವಂಚನೆ ಯಾವ ಬಗೆಯದು ಎಂದು ಯಂತ್ರ ಕೇಳಿತು. ಬೇರೆಯವರಂತೆ ನಟಿಸುವುದು ಎಂಬುದನ್ನು ಆರಿಸಿದಳು. ಅವನು ಗುಡ್ ಎಂದು ಮುಂದಿನ ಮೇಜಿಗೆ ಹೋದ.

ಸಂಜೆ ಹೊರಡುವ ಹೊತ್ತಿಗೆ ಯಜಮಾನರು ಮತ್ತೆ ಬಂದರು. ಈ ಸಲ ಗದ್ದಲವಿಲ್ಲ. ಪದಗಳನ್ನು ತುಂಬಿದೆ, ಇದ್ದದ್ದೆಲ್ಲ ಹೋಯಿತು, ಆ ಸಹಾಯ ಮಾಡುತ್ತಿದ್ದವರು ಉತ್ತರ ಕೊಡುತ್ತಿಲ್ಲ, ಅವರಿಗೂ ಏನಾದರೂ ತೊಂದರೆಯಾಗಿದೆಯೋ ಏನೋ. ಇದು ಆ ಫೋನ್ ಮಾಡಿದ ಹೆಂಗಸಿನದೇ ಕೆಲಸ. ಅವಳ ಕರೆ ಎತ್ತಬಾರದಿತ್ತು.

ಇಂಥ ಹೊತ್ತಿಗೆಂದೇ ಸಿದ್ಧ ಉತ್ತರವೊಂದಿತ್ತು. ಅದೂ ಅವಳು ಬರೆದದ್ದೇ. "ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ. ನಿಮ್ಮನ್ನು ಸಂಪರ್ಕಿಸಿದವರು ನಾವಲ್ಲ." ಅವಳು ಅದನ್ನು ಅಂಟಿಸಿ ಕಳಿಸಿದಳು. ಆ ಕಡೆಯಿಂದ ಗೊತ್ತಾಯಿತಮ್ಮ ಎಂದು ಬಂತು. ಅಮ್ಮ ಎಂದು ಆತ ಯಂತ್ರಕ್ಕೆ ಅಂದರೋ ತನಗೆ ಅಂದರೋ ಅವಳಿಗೆ ತಿಳಿಯಲಿಲ್ಲ.

ಬಸ್ ಸ್ಟಾಪಿನ ಕಬ್ಬಿಣದ ಬೆಂಚು ಇನ್ನೂ ಬಿಸಿಯಾಗಿತ್ತು. ಅವಳಿಗೆ ಅಳು ಬಂತು. ಯಾರ ಜೊತೆಗಾದರೂ ಮಾತಾಡಬೇಕು, ಈ ವಿಷಯವೇ ಆಗಬೇಕೆಂದಿಲ್ಲ, ಅಡುಗೆ ಏನು ಮಾಡಿದೆ ಎಂದು ಕೇಳಿದರೂ ಸಾಕು ಅನಿಸಿತು. ಅಕ್ಕನಿಗೆ ಫೋನ್ ಮಾಡಿದಳು. ಎಷ್ಟು ದಿನವಾಗಿತ್ತೋ, ತಾನಾಗಿ ಮಾಡಿ.

ಬಹಳ ಹೊತ್ತು ರಿಂಗಾದ ಮೇಲೆ ಅಕ್ಕ ಎತ್ತಿದಳು.

"ಅಕ್ಕಾ," ಎಂದಳು. ಮುಂದೆ ಬಿಕ್ಕಿದ್ದು ಬಿಟ್ಟರೆ ಏನೂ ಹೊರಡಲಿಲ್ಲ.

"ಪದ ಹೇಳು," ಎಂದಳು ಅಕ್ಕ.

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅಕ್ಕನ ಕೈಯಲ್ಲಿ ಕೆಂಪಾಗಿ ಮಿನುಗುತ್ತಿರುವ ಪರದೆ ಕಣ್ಣಿಗೆ ಕಟ್ಟಿತು.

"ಅಕ್ಕ, ನಾನು ಕಣೇ. ಸುಮ್ನೆ ಮಾಡ್ದೆ."

"ಪದ."

ಹುಡುಕಿದಳು. ಪದವನ್ನು ಆರಿಸಿಕೊಟ್ಟವಳು ಅವಳೇ. ಬೆಳಗಿನಿಂದ ಸಂಜೆವರೆಗೆ ಪದಗಳನ್ನು ಯಾರಿಗೂ ಹೇಳಬೇಡಿ ಎಂದು ಹೇಳಿ ಹೇಳಿ, ಹೇಳಬೇಕಾದ ಒಂದು ಪದ ಎಲ್ಲೋ ಉದುರಿಹೋಗಿತ್ತು.

"ಇಕ್ಕಳ," ಎಂದಳು ಕೊನೆಗೆ.

ಅಕ್ಕನ ದನಿ ಈಗ ನಿಜವಾಗಿ ನಡುಗುತ್ತಿತ್ತು.

"ಅದು ಹಳೇದು. ಯಾರು ನೀವು? ನನ್ನ ತಂಗಿ ಫೋನ್ ನಿಮ್ಮ ಕೈಗೆ ಹೆಂಗೆ ಬಂತು?"

ಅವಳು ಬಾಯಿ ತೆರೆಯುವುದರೊಳಗೆ ಕರೆ ಕಟ್ಟಾಯಿತು. ಬಸ್ ಬಂದು, ನಿಂತು, ಹೋಯಿತು. ಮನೆಯವರೆಲ್ಲ ಇರುವ ಗ್ರೂಪಿನಲ್ಲಿ ಅಕ್ಕನ ಮೆಸೇಜ್ ಬಿತ್ತು. ತಂಗಿಯ ನಂಬರಿನಿಂದ, ತಂಗಿಯದೇ ದನಿಯಲ್ಲಿ ಯಾರೋ ಅಳುತ್ತಾ ಫೋನ್ ಮಾಡುತ್ತಿದ್ದಾರೆ, ಹಳೆಯ ಪದವೂ ಅವರಿಗೆ ಗೊತ್ತಿದೆ, ಯಾರೂ ಎತ್ತಬೇಡಿ. ಭಾವ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ. ಚಿಕ್ಕಮ್ಮನೂ ಹಾಕಿದಳು.

ಅದು ನಾನೇ ಎಂದು ಅವಳು ಟೈಪ್ ಮಾಡಿದಳು. ಕಳಿಸಲಿಲ್ಲ. ಆ ವಾಕ್ಯವನ್ನು ಇವತ್ತು ಎಷ್ಟು ಸಲ ಓದಿದ್ದಳೋ. ಒಂದೊಂದೇ ಅಕ್ಷರವಾಗಿ ಅಳಿಸಿದಳು.

ಪಾಪ, ಅವಳಿಗೆ ತಿಳಿಸಿದಿರಾ ಎಂದು ಅಮ್ಮ ಕೇಳಿದಳು. ತಿಳಿಸೋದು ಹೆಂಗಮ್ಮ, ಫೋನ್ ಮಾಡೋ ಹಾಗಿಲ್ವಲ್ಲ, ಇದನ್ನೆಲ್ಲ ಕಲಿಸಿದ್ದೇ ಅವಳು, ನೋಡ್ಕೋತಾಳೆ ಬಿಡು ಎಂದು ಅಕ್ಕ ಬರೆದಳು. ಸ್ವಲ್ಪ ತಡೆದು ಅಮ್ಮನೂ ಹೆಬ್ಬೆರಳು ಎತ್ತಿದಳು.

ಅದೇ ಗ್ರೂಪಿನಲ್ಲಿ ಅವಳೂ ಇದ್ದಾಳೆಂಬುದು ಯಾರಿಗೂ ನೆನಪಾಗಲಿಲ್ಲ. ಅವಳೂ ಎತ್ತಿದಳು. ಅಕ್ಕನ ಮಾತಿನ ಕೆಳಗೆ ಹಳದಿ ಹೆಬ್ಬೆರಳುಗಳು ಒಂದರ ಮೇಲೊಂದು ಕೂತಿದ್ದವು. ಬೀದಿದೀಪ ಹತ್ತಿಕೊಂಡಿತು. ತನ್ನದು ಯಾವುದೆಂದು ಅವಳು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ಹುಡುಕುತ್ತಾ ಕೂತಳು.