ಮಂಚದ ಕೆಳಗೆ, ಟ್ರಂಕಿನ ಹಿಂದೆ

ಟಕ್ ಎಂದು ಒಂದು ಸಣ್ಣ ಸದ್ದು. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಯಾರಿಗೂ ಕೇಳಬಾರದೆಂದು ಅಂಗೈಯಲ್ಲಿ ಒತ್ತಿ ಮುಚ್ಚಿದಾಗ ಬರುವಂಥದ್ದು.

ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತು, ತಾನು ಕಲಿಸುವ ಬಾಲವಾಡಿಯ ಮಕ್ಕಳಿಗೆಂದು ರಟ್ಟಿನ ಬೆಕ್ಕಿಗೆ ಬಣ್ಣ ತುಂಬುತ್ತಿದ್ದ ಬ್ರಾಹ್ಮಿಯ ಕೈ ಅಲ್ಲೇ ನಿಂತಿತು. ಊರೆಲ್ಲ ಮಲಗಿತ್ತು. ಗಂಡ ಜಿನೇಂದ್ರ ಒಳಗೆ ಗೊರಕೆ ಹೊಡೆಯುತ್ತಿದ್ದ. ಸದ್ದು ಅಡುಗೆಮನೆಯಿಂದ ಬಂತೋ, ಅದಕ್ಕೆ ಅಂಟಿಕೊಂಡಿದ್ದ ಅತ್ತೆಯ ಕೋಣೆಯಿಂದ ಬಂತೋ ತಿಳಿಯಲಿಲ್ಲ. ಎದ್ದು ನೋಡೋಣವೆಂದರೆ ಧೈರ್ಯ ಸಾಲಲಿಲ್ಲ. ಈ ಮನೆಯಲ್ಲಿ ರಾತ್ರಿ ಓಡಾಡಿದ್ದಕ್ಕೂ ಬೆಳಿಗ್ಗೆ ಜವಾಬು ಕೊಡಬೇಕು. ಅವಳು ಬೆಕ್ಕಿನ ಒಂದು ಕಿವಿಯನ್ನು ಬಿಳಿಯಾಗಿಯೇ ಬಿಟ್ಟು, ದೀಪ ಆರಿಸಿ ಹೋಗಿ ಮಲಗಿದಳು.

ಬೆಳಿಗ್ಗೆ ಜವಾಬು ಕೇಳುವವರು ಅವಳಿಗಿಂತ ಮೊದಲೇ ಎದ್ದಿದ್ದರು.

"ರಾಜಮತೀ, ಇಲ್ನೋಡ ಬಾ," ಎಂದು ಅಡುಗೆಮನೆಯಿಂದ ಕೂಗಿದವಳು ಜಿನೇಂದ್ರನ ಸೋದರತ್ತೆ ಸಾವಕ್ಕ. ಮುಗಳಖೋಡದಿಂದ ಹಿಂದಿನ ದಿನವಷ್ಟೇ ಬಂದಿದ್ದಳು. "ಶೇಂಗಾ ಉಂಡಿ ಪುಡಿ ಬಿದ್ದೈತಿ. ಇರುವಿ ಮುತ್ತ್ಯಾವ. ರಾತ್ರಿ ಯಾರ ತಿಂದಾರ ಇಲ್ಲೆ?"

ಬೇರೆ ಕಾಲದಲ್ಲಾಗಿದ್ದರೆ ಅದು ಇಲಿಯ ಕೆಲಸವೆಂದು ಗುಡಿಸಿ ಹಾಕುತ್ತಿದ್ದರು. ಈಗ ಚಾತುರ್ಮಾಸ. ಊರ ಬಸದಿಯಲ್ಲಿ ಮುನಿಗಳು ತಂಗಿದ್ದರು. ಮನೆಯವರೆಲ್ಲ ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಅತ್ತೆ ರಾಜಮತಿ ಇನ್ನೂ ಮುಂದೆ ಹೋಗಿ, ನಾಲ್ಕು ತಿಂಗಳು ರಾತ್ರಿ ಹನಿ ನೀರನ್ನೂ ಮುಟ್ಟುವುದಿಲ್ಲವೆಂದು ಮುನಿಗಳ ಮುಂದೆ ನೇಮ ಹಿಡಿದಿದ್ದಳು. ಸಕ್ಕರೆ ಕಾಯಿಲೆಯ ಹೆಂಗಸು ಇಂಥ ನೇಮ ಹಿಡಿದಳಲ್ಲ ಎಂದು ಸಮಾಜದವರು ಶಾಲು ಹೊದಿಸಿದ್ದರು. ಅದರ ವಿಡಿಯೊ ಕುಡಚಿಯ ನೆಂಟರ ಮೊಬೈಲಿಗೂ ಹೋಗಿ ಬಂದಿತ್ತು. ನಾಡಿದ್ದು ಮುನಿಗಳನ್ನು ಆಹಾರಕ್ಕೆ ಕರೆಯಲು ಈ ಮನೆಯ ಮುಂದೆಯೂ ಕಲಶ ಹಿಡಿದು ನಿಲ್ಲುವುದಿತ್ತು. ಅದಕ್ಕಾಗಿ ಒಳಗೆ ಬೇರೆಯೇ ಒಲೆ ಹೂಡಿ, ಸಾರಿಸಿ, ಹೊರಗಿನವರು ಕಾಲಿಡದ ಮಡಿಯ ಚೌಕ ಮಾಡಿಟ್ಟಿದ್ದರು. ಅಂಥ ಮನೆಯಲ್ಲಿ ರಾತ್ರಿ ತಿಂದ ಉಂಡೆಯ ಪುಡಿ.

ರಾಜಮತಿ ಬಂದು ನೋಡಿದಳು. ಅವಳ ಮುಖ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಸೊಸೆಯ ಕಡೆ ತಿರುಗಿತು.

"ರಾತ್ರಿ ಈ ಮನ್ಯಾಗ ಎಚ್ಚರ ಇರಾವ್ರ ಯಾರ? ದೀಪಾ ಹಚಗೊಂಡ ಬೆಕ್ಕಾ ನಾಯಿ ಬರಕೋತ ಕುಂಡ್ರಾವ್ರಿಗೆ ಹಸಿವ್ಯಾಗಾಂಗಿಲ್ಲೇನ?"

"ನಾ ತಿಂದಿಲ್ರಿ ಅತ್ಯಾರ."

"ನಿನ್ನ ಹೆಸರ ನಾ ತಗೊಂಡ್ನೇನ? ನೀನಾ ಮುಂದ ಬಂದಿ."

"ರಾತ್ರಿ ಡಬ್ಬಿ ಮುಚ್ಚಿದ ಸಪ್ಪಳ ಕೇಳಿತ್ರಿ ನನಗ."

"ಕೇಳಿತೇನ? ಮತ್ತ ಎದ್ದ ಬಂದ ಯಾಕ ನೋಡ್ಲಿಲ್ಲ?" ಎಂದಳು ಸಾವಕ್ಕ.

ಹೆದರಿಕೆಯಾಯಿತೆಂದು ಬ್ರಾಹ್ಮಿ ಹೇಳಿದರೆ ಯಾವುದರ ಹೆದರಿಕೆ ಎಂದು ಕೇಳುತ್ತಾರೆ. ಮಾತನ್ನು ಆರಿಸಿ, ತೂಗಿ, ಬಾಯಿಗೆ ತರುವಷ್ಟರಲ್ಲಿ ಈ ಮನೆಯಲ್ಲಿ ತೀರ್ಪು ಆಗಿಬಿಟ್ಟಿರುತ್ತದೆ. ಈ ಸಲವೂ ಹಾಗೇ ಆಯಿತು. ಜಿನೇಂದ್ರ ಬ್ರಶ್ ಬಾಯಲ್ಲಿಟ್ಟುಕೊಂಡೇ ಹೇಳಿದ:

"ಆಹಾರ ಮುಗೀಲಿ. ಮುಂದ ಆ ಬಾಲವಾಡಿ ಬಿಟ್ಟಬಿಡ. ಅದರ ಸಲವಾಗೇ ಅಲ್ಲ ರಾತ್ರಿ ಕುಂಡ್ರೂದು?"

"ಅಲ್ಲೀತನಕ ಚೌಕದಾಗ ಕಾಲಿಡಬ್ಯಾಡ," ಎಂದು ರಾಜಮತಿ ಸೇರಿಸಿದಳು. "ನೀ ಕಲತ ನಿಪ್ಪಾಣಿ ಕಾಲೇಜಿನಾಗ ಇದನ್ನೆಲ್ಲಾ ಕಲಿಸಿರಾಂಗಿಲ್ಲ."

ಬಾಲವಾಡಿ ಬಿಡುವುದೆಂದರೆ ಬ್ರಾಹ್ಮಿಗೆ ಉಸಿರು ಬಿಡುವ ಜಾಗ ಬಿಟ್ಟಂತೆ. ದಿನಕ್ಕೆ ಅರ್ಧ ಹೊತ್ತಾದರೂ ಅವಳ ಮಾತನ್ನು ಬಾಯಿ ತೆರೆದುಕೊಂಡು ಕೇಳುವವರು ಆ ಮಕ್ಕಳು ಮಾತ್ರ. ಹಾಗೆಂದು ಯಾರಿಗೆ ಹೇಳುವುದು? ಅವಳು ರಟ್ಟಿನ ಚಿತ್ರಗಳನ್ನು ಚೀಲಕ್ಕೆ ತುಂಬಿ, ನಾಲ್ಕು ವರ್ಷದ ಮಗಳು ಚೇಲನಾಳ ಕೈಹಿಡಿದು ಹೊರಟಳು.

ಬಾಲವಾಡಿ ಎಂದರೆ ಹಳೆಯ ಸೊಸೈಟಿ ಕಟ್ಟಡದ ಹಿಂದಿನ ಒಂದೇ ಕೋಣೆ. ನೆಲದ ಮೇಲೆ ದೊಡ್ಡ ಚಾರ್ಟು ಹಾಸಿದಳು. ಅದರಲ್ಲಿ ಒಂದು ಮನೆ. ಮಂಚ, ಮಂಚದ ಮೇಲೆ ಮಡಿಸಿಟ್ಟ ಕೌದಿ, ಕದ, ಗೋಡೆಯಲ್ಲಿ ಸಾಮಾನಿಡುವ ಮಾಡ, ಒಂದು ತಾಟು. ಕತ್ತರಿಸಿದ ಟ್ರಂಕೊಂದನ್ನು ಮಂಚದ ಕೆಳಗೆ ಬೇರೆಯಾಗಿ ಅಂಟಿಸಿದ್ದಳು, ಒಂದು ಬದಿಗೆ ಮಾತ್ರ ಅಂಟು ಹಚ್ಚಿ, ಅದರ ಹಿಂದೆ ಏನಾದರೂ ತೂರಿಸಬಹುದಾದಂತೆ. ಮಕ್ಕಳು ಒಬ್ಬೊಬ್ಬರೇ ಬಂದು ಬೆಕ್ಕು, ಆಡು, ಚೆಂಡು, ಉಂಡೆ ಹೀಗೆ ಒಂದೊಂದನ್ನು ಎಲ್ಲಿಯಾದರೂ ಇಟ್ಟು, ಇಟ್ಟದ್ದೆಲ್ಲಿ ಎಂದು ಹೇಳಬೇಕು. ಮೇಲೆ, ಕೆಳಗೆ, ಒಳಗೆ, ಹಿಂದೆ.

ಆಡು ಕಾಯುವವರ ಮನೆಯ ಲಖನ ಎದ್ದು ಬಂದು ಆಡನ್ನು ಸೀದಾ ಮಾಳಿಗೆಗೆ ಏರಿಸಿದ.

"ಆಡ ಎಲ್ಲೈತೋ ಲಖನ?"

"ಮಾಳಿಗಿ ಮ್ಯಾಲ ಐತ್ರಿ ಬಾಯಾರ."

"ಅಲ್ಲಿಗೆ ಹೆಂಗ ಹೋತೋ?"

"ನಮ್ದ ದಿನಾ ಹೋಗ್ತೈತ್ರಿ. ನಮ್ಮಪ್ಪ ಬೈತಾನ. ಅದು ಕೇಳಾಂಗಿಲ್ಲ."

ಮಕ್ಕಳೆಲ್ಲ ನಕ್ಕರು. ಬ್ರಾಹ್ಮಿಯೂ ನಕ್ಕಳು. ಆಗ ಚೇಲನಾಳ ಸರದಿ. ಅವಳ ಕೈಗೆ ಬಂದದ್ದು ಉಂಡೆ.

"ಉಂಡಿ ಎಲ್ಲಿ ಇಡ್ತಿ ಚೇಲೂ?"

ತಾಟಿನಲ್ಲಿಡುತ್ತಾಳೆ ಎಂದೇ ಬ್ರಾಹ್ಮಿ ತಾಟು ಬರೆದಿದ್ದಳು. ಮಗಳು ತಾಟಿನ ಕಡೆ ನೋಡಲೂ ಇಲ್ಲ. ಉಂಡೆಯನ್ನು ಮಂಚದ ಕೆಳಗೆ ತಂದಳು. ಕಿರುಬೆರಳಿನಿಂದ ಟ್ರಂಕನ್ನು ಎತ್ತಿ, ಉಂಡೆಯನ್ನು ಅದರ ಹಿಂದೆ ತೂರಿಸಿ, ಮೇಲಿನಿಂದ ಅಂಗೈಯಲ್ಲಿ ಒತ್ತಿದಳು.

"ಮಂಚದ ಕೆಳಗ. ಟ್ರಂಕಿನ ಹಿಂದ. ಗುಳಿಗಿ ಡಬ್ಬಿ ಒಳಗ," ಎಂದಳು, ತಡವರಿಸದೆ. "ಆಯಿ ಅಲ್ಲೇ ಇಡ್ತಾಳ. ಕತ್ತಲದಾಗ ತಿಂತಾಳ. ನಿನ್ನಿ ರಾತ್ರಿ ಮುಗದಿತ್ತು, ಅಡಗಿಮನ್ಯಾಗಿಂದ ತಂದ್ಲು. ನನಗೂ ಇಷ್ಟ ಕೊಟ್ಲು."

ಚೇಲನಾ ಮಲಗುತ್ತಿದ್ದುದು ಆಯಿ ಎಂದು ತಾನು ಕರೆಯುವ ಅಜ್ಜಿಯ ಪಕ್ಕದಲ್ಲೇ.

ಚಾರ್ಟಿನ ಮನೆ ಯಾರದೆಂದು ಬ್ರಾಹ್ಮಿಗೆ ಆಗ ಕಂಡಿತು. ಕೌದಿಯ ಅಂಚಿನ ಕೆಂಪು ಕೂಡ ಅತ್ತೆಯ ಕೌದಿಯದೇ. ಬೇರೆ ಯಾವ ಮನೆಯನ್ನು ಅವಳು ಅಷ್ಟು ದಿನ, ಅಷ್ಟು ಹೆದರಿ ನೋಡಿದ್ದಳು? ಬಾಗಿಲ ಹೊರಗೆ ಮಕ್ಕಳಿಗೆ ಉಪ್ಪಿಟ್ಟು ತಿರುವುತ್ತಿದ್ದ ಅಡುಗೆಯ ಸುಂದ್ರವ್ವನ ಸೌಟು ನಿಂತಿತು. ಸುಂದ್ರವ್ವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಬಸದಿಯ ಕಟ್ಟೆ ಮುಟ್ಟುತ್ತದೆ. ಮುಟ್ಟಿದರೆ ಸೊಸೆಯೇ ಮಗುವಿಗೆ ಪಾಠ ಹೇಳಿಕೊಟ್ಟು ಆಡಿಸಿದಳು ಎನ್ನುತ್ತಾರೆ. ಚಿತ್ರ ಬರೆದವಳೂ ಅವಳೇ.

"ತಪ್ಪು," ಎಂದಳು ಬ್ರಾಹ್ಮಿ. "ಉಂಡಿ ತಾಟಿನ್ಯಾಗ ಇರತೈತಿ. ತಾಟಿನ್ಯಾಗ ಇಡು."

"ಅಲ್ಲ ಮಮ್ಮಿ, ಖರೇನ—"

"ಇಲ್ಲಿ ಮಮ್ಮಿ ಅಲ್ಲ, ಬಾಯಾರ. ತಾಟಿನ್ಯಾಗ ಇಡು ಅಂದೆ."

ವರ್ಷದಲ್ಲಿ ಯಾವ ಮಗುವೂ ಕೊಡದ ಉತ್ತರವನ್ನು ಚೇಲನಾ ಕೊಟ್ಟಿದ್ದಳು. ಕೆಳಗೆ, ಹಿಂದೆ, ಒಳಗೆ, ಮೂರು ಮಾತುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಅವಳು ಉಂಡೆಯನ್ನು ಎಳೆದು ತಾಟಿನ ಮೇಲೆ ಎಸೆದು, ಗೋಡೆಗೆ ಮುಖ ಮಾಡಿ ಕುಳಿತಳು.

"ಹುಡಿಗಿ ಏನೋ ಅಂತಿತ್ತಲ್ರಿ, ಆಯೀದು?" ಎಂದು ಸುಂದ್ರವ್ವ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ನಿನ್ನಿ ಹೇಳಿದ ಕತಿ ಅದು. ಬೆಕ್ಕಿನ ಆಯೀದು."

"ಬೆಕ್ಕಿಗೂ ಟ್ರಂಕ ಇರತಾವೇನ್ರಿ?"

"ಚಿತ್ರದಾಗ ಎಲ್ಲಾ ಇರತಾವ. ಉಪ್ಪಿಟ್ಟ ತಳಾ ಹಿಡಿತೈತಿ, ನೋಡ."

ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲಿದ್ದಳು. ಬ್ರಾಹ್ಮಿ ಅತ್ತೆಯ ಕೋಣೆಗೆ ಹೋಗಿ, ಮಂಡಿಯೂರಿ, ಟ್ರಂಕಿನ ಹಿಂದೆ ಕೈಹಾಕಿದಳು. ಡಬ್ಬಿ ಸಿಕ್ಕಿತು. ಒಳಗೆ ಸಕ್ಕರೆ ಕಾಯಿಲೆಯ ಗುಳಿಗೆ, ಅದರ ಕೆಳಗೆ ಶೇಂಗಾ ಉಂಡೆ.

"ಇಡು ಅಲ್ಲೇ."

ರಾಜಮತಿ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿಯಲ್ಲಿ ಅಂಜಿಕೆಯ ಸುಳಿವೂ ಇರಲಿಲ್ಲ. ಬ್ರಾಹ್ಮಿಯೇ ಮುಚ್ಚಳವನ್ನು ಸದ್ದಿಲ್ಲದೆ ಒತ್ತಿ ಮುಚ್ಚಿದಳು, ಕದ್ದವಳು ತಾನೇ ಎಂಬಂತೆ.

"ರಾತ್ರಿ ಸಕ್ಕರಿ ಇಳಿತೈತೇನ್ರಿ?" ಎಂದಳು. "ಸ್ವಾಮಿಗೋಳ ಮುಂದ ಹೇಳ್ರಿ. ಅವ್ರ ನೇಮಾ ಸಡ್ಲ ಮಾಡಿ ಕೊಡ್ತಾರ."

"ಊರ ಮುಂದ ಹಿಡದದ್ದನ್ನ ಊರ ಮುಂದ ಬಿಡ್ಲೇನ? ಶಾಲ ಹೊಚ್ಚಿಸಿಕೊಂಡೀನಿ ನಾ."

"ಹಂಗಾರ ನನ್ನ ಮ್ಯಾಲ ಯಾಕ ಹಾಕಿದ್ರಿ?"

"ಯಾರರ ಮ್ಯಾಲ ಹಾಕಬೇಕಿತ್ತು. ನೀ ಎಚ್ಚರ ಇದ್ದಿ." ರಾಜಮತಿ ಬಂದು ಡಬ್ಬಿ ಕಿತ್ತುಕೊಂಡಳು. "ಹೋಗ, ಹೇಳ ನಿನ್ನ ಗಂಡಗ. ಯಾರ ಮಾತ ನಂಬ್ತಾನ ನೋಡೂಣು."

ಅವಳು ಡಬ್ಬಿ ಹಿಡಿದು ನೇರ ಹಿತ್ತಲಿಗೆ ಹೋದಳು. ಎಮ್ಮೆಯ ಬಾನಿಗೆ ಉಂಡೆಗಳು ಬಿದ್ದ ಸದ್ದು ಬ್ರಾಹ್ಮಿಗೆ ಕೋಣೆಯೊಳಗೇ ಕೇಳಿತು. ಸಂಜೆ ಜಿನೇಂದ್ರ ಬಂದ. ಅವಳು ಬಾಯಿ ತೆರೆದು, ಏನೆಂದು ಶುರುಮಾಡಲಿ ಎಂದು ಯೋಚಿಸುವಷ್ಟರಲ್ಲಿ, ಅವನು ಹೆಂಡತಿಯ ಮುಖವನ್ನೂ ನೋಡದೆ ಚೌಕದ ಕಡೆ ಹೋದ. ಸಾಕ್ಷಿಯನ್ನು ಎಮ್ಮೆ ತಿಂದಾಗಿತ್ತು.

ಆಹಾರದ ಹಿಂದಿನ ರಾತ್ರಿ ಅವಳು ಚಿತ್ರ ಬರೆಯಲಿಲ್ಲ. ಮಲಗಿ ಕಿವಿಗೊಟ್ಟಳು. ಮುಚ್ಚಳದ ಸದ್ದು ಬರಲಿಲ್ಲ. ಸಾವಕ್ಕ ಅಡುಗೆಮನೆಯಲ್ಲೇ ಹಾಸಿಕೊಂಡಿದ್ದಳು. ಇನ್ನು ಬಂದೀತೆಂದು ಕಾಯುತ್ತ ಬ್ರಾಹ್ಮಿ ಬೆಳಗು ಮಾಡಿದಳು.

ಬೆಳಿಗ್ಗೆ ಮನೆಯ ಮುಂದೆ ರಂಗೋಲಿ ಹಾಕಿ, ರಾಜಮತಿ ಒಗೆದ ಬಿಳಿ ಸೀರೆಯುಟ್ಟು ಬಾಗಿಲಲ್ಲಿ ನಿಂತಳು. ಕೈಯಲ್ಲಿ ತಾಮ್ರದ ಕಲಶ, ಅದರ ಮೇಲೆ ತೆಂಗಿನಕಾಯಿ. ಪಕ್ಕದಲ್ಲಿ ಧೋತರ ಉಟ್ಟ ಜಿನೇಂದ್ರ, ಹಿಂದೆ ಸಾವಕ್ಕ ಮತ್ತು ಚೇಲನಾ. ಆಹಾರ ಕೊಡುವವರು ಮುನಿಗಳಿಗಿಂತ ಮೊದಲು ಏನೂ ತಿನ್ನುವಂತಿಲ್ಲ. ಮುನಿಗಳು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡು ಹೊರಡುತ್ತಾರೆ. ಅದು ಕಂಡ ಮನೆಯ ಮುಂದೆ ನಿಲ್ಲುತ್ತಾರೆ, ಕಾಣದಿದ್ದರೆ ಮುಂದೆ ಹೋಗುತ್ತಾರೆ. ಬಾಗಿಲಲ್ಲೇ ಯಾರಾದರೂ ಬಿದ್ದರೆ, ಕಲಶ ಉರುಳಿದರೆ, ನಿಲ್ಲುವ ಮಾತೇ ಇಲ್ಲ.

ಬ್ರಾಹ್ಮಿ ಕಟ್ಟೆಯ ಕೆಳಗೆ ದೂರ ನಿಂತಿದ್ದಳು. ಚೌಕಕ್ಕೆ ಬರಬೇಡ ಎಂದಿದ್ದರೂ ಮಿಂದು ಮಡಿಯುಟ್ಟಿದ್ದಳು. ಏಕೆಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಮುನಿಗಳು ಓಣಿಯ ತಿರುವಿನಲ್ಲಿ ಕಂಡರು. ಆಗ ಟಕ್, ಟಕ್ ಎಂಬ ಸದ್ದು ಶುರುವಾಯಿತು. ತೆಂಗಿನಕಾಯಿ ಕಲಶದ ಕಂಠಕ್ಕೆ ಬಡಿಯುತ್ತಿತ್ತು. ರಾಜಮತಿಯ ಕೈ ನಡುಗುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು.

"ಭಕ್ತಿ ನೋಡ ಹೆಂಗ ಉಕ್ಕಿ ಬಂದೈತಿ," ಎಂದು ಸಾವಕ್ಕ ಪಿಸುಗುಟ್ಟಿದಳು.

ಅದು ಭಕ್ತಿಯಲ್ಲ, ರಾತ್ರಿ ಏನೂ ತಿನ್ನದೆ ಸಕ್ಕರೆ ಇಳಿದದ್ದು ಎಂದು ಗೊತ್ತಿದ್ದವಳು ಒಬ್ಬಳೇ. ಬೀಳಲಿ, ಎಂದುಕೊಂಡಳು ಬ್ರಾಹ್ಮಿ. ಊರ ಮುಂದೆ ಬೀಳಲಿ. ಹಾಗೆಂದುಕೊಂಡದ್ದು ಪೂರ್ತಿಯಾಗುವ ಮೊದಲೇ ಅವಳು ಮೆಟ್ಟಿಲು ಹತ್ತಿ ಕಲಶಕ್ಕೆ ಕೈಹಚ್ಚಿದ್ದಳು.

"ಬಿಡ್ರಿ."

"ಸರಿ ಅತ್ಲಾಗ," ಎಂದು ಹಲ್ಲು ಕಚ್ಚಿ ಹೇಳಿದಳು ರಾಜಮತಿ.

"ಬಿಡ್ರಿ ಅತ್ಯಾರ. ನೀವ ಬಿದ್ರ ಸ್ವಾಮಿಗೋಳು ಮುಂದಿನ ಮನಿಗೆ ಹೋಗ್ತಾರ."

ರಾಜಮತಿ ಬಿಟ್ಟಳು, ಮನಸ್ಸಿನಿಂದಲ್ಲ, ಬೆರಳಲ್ಲಿ ಕಸುವಿಲ್ಲದೆ. ಬ್ರಾಹ್ಮಿ ಬಾಗಿ ಮಗಳ ಕಿವಿಯಲ್ಲಿ ಹೇಳಿದಳು: "ಆಯಿನ ಒಳಗ ಕರಕೊಂಡ ಹೋಗ. ಕದದ ಹಿಂದ, ಮಾಡದ ಒಳಗ, ಬೆಲ್ಲ ಐತಿ. ತಿನ್ನಸ."

"ಕದದ ಹಿಂದ, ಮಾಡದ ಒಳಗ," ಎಂದು ಚೇಲನಾ ಪಾಠ ಒಪ್ಪಿಸುವಂತೆ ಹೇಳಿಕೊಂಡು, ಅಜ್ಜಿಯ ಸೆರಗು ಜಗ್ಗುತ್ತ ಒಳಗೆ ಹೋದಳು.

ಮುನಿಗಳು ನಿಂತರು. ಇದೇ ಬಾಗಿಲ ಮುಂದೆ. ಪಾದ ತೊಳೆದು ಒಳಗೆ ಕರೆದ ಮೇಲೆ ಕಲಶ ಹಿಡಿದವಳೇ ಶುದ್ಧಿಯ ಮಾತು ಹೇಳಬೇಕಾಯಿತು. ಮನ ಶುದ್ಧಿ, ಎಂದಳು ಬ್ರಾಹ್ಮಿ. ವಚನ ಶುದ್ಧಿ ಎನ್ನುವಾಗ ಗೋಡೆಗೆ ಮುಖ ಮಾಡಿ ಕುಳಿತ ಮಗಳ ಬೆನ್ನು ಕಣ್ಣಮುಂದೆ ಬಂತು. ಆದರೂ ಉಳಿದದ್ದನ್ನೂ ಹೇಳಿದಳು. ಆಹಾರ ಯಾವ ಅಡ್ಡಿಯೂ ಇಲ್ಲದೆ ಮುಗಿಯಿತು.

ಮುನಿಗಳು ಬಸದಿಗೆ ಮರಳಿದ ಮೇಲೆ ಮನೆಯವರೆಲ್ಲ ಅವಳ ಮೇಲೆ ಬಿದ್ದರು.

"ಕೈಯಾಗಿನ ಕಲಶ ಕಸಗೊಂಡ್ಲಲ್ಲೋ ಜಿನೇಂದ್ರ, ಊರ ಮಂದಿ ಮುಂದ!" ಎಂದಳು ಸಾವಕ್ಕ.

ರಾಜಮತಿ ಕೋಣೆಯ ಬಾಗಿಲಲ್ಲಿದ್ದಳು. ಬೆವರು ಆರಿತ್ತು. ತುಟಿಯಂಚಿನಲ್ಲಿ ಬೆಲ್ಲದ ಹರಳು ಅಂಟಿತ್ತು. "ಹೌದ, ಕಸಗೊಂಡ್ಲು," ಎಂದಳು. "ಮೂರ ತಿಂಗಳಿಂದ ನೇಮಾ ನಂದು, ಪುಣ್ಯೇ ಆಕೀದು."

"ಇವತ್ತ ಆ ಬಾಲವಾಡಿಗೆ ಫೋನ ಹಚ್ಚತೇನಿ," ಎಂದು ಜಿನೇಂದ್ರ ಮೊಬೈಲು ತೆಗೆದ. "ನಾಳಿಂದ ಬಂದ್."

"ಹಚ್ಚಬ್ಯಾಡ."

ಎಲ್ಲರೂ ರಾಜಮತಿಯ ಕಡೆ ನೋಡಿದರು. ಅವಳು ಸೊಸೆಯನ್ನು ಬಿಟ್ಟು ಮಿಕ್ಕೆಲ್ಲ ಕಡೆ ನೋಡುತ್ತಿದ್ದಳು.

"ಹೋಗ್ಲಿ ಆಕಿ ಸಾಲಿಗೆ. ದಿನಾಪೂರ್ತಿ ಮನ್ಯಾಗ ಇದ್ರ ನನ್ನಾ ನೋಡಕೋತ ಕುಂಡ್ರತಾಳ. ಆ ಕಣ್ಣ ನನಗ ಬ್ಯಾಡ."

ಜಿನೇಂದ್ರ ಮೊಬೈಲನ್ನು ಕಿಸೆಗೆ ಹಾಕಿದ. ತಾಯಿ ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ, ಆದರೆ ತಾಯಿ ಹೇಳಿದ್ದು. ಸಂಜೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕುಳಿತಾಗ ಹೆಂಡತಿಯನ್ನು ಕೇಳಿದ:

"ಖರೆ ಹೇಳ. ಕಲಶಕ್ಕ ಯಾಕ ಕೈ ಹಾಕಿದಿ?"

ಒಳಗಿನಿಂದ ಅತ್ತೆಯ ಬಳೆಯ ಸದ್ದು ನಿಂತಿತು. ಅವಳು ಕದದ ಹಿಂದೆ ಇದ್ದಳು. ಮೂಲೆಯಲ್ಲಿ ಚಾರ್ಟಿನ ಮೇಲೆ ಆಡುತ್ತಿದ್ದ ಚೇಲನಾ, ಉಂಡೆಯನ್ನು ಕೈಯಲ್ಲಿ ಹಿಡಿದು, ಎಲ್ಲಿಡಲಿ ಎಂಬಂತೆ ತಾಯಿಯನ್ನೇ ನೋಡಿದಳು.

"ಹಿಡೀಬೇಕ ಅನಿಸ್ತ್ರಿ. ಹಿಡದೆ," ಎಂದಳು ಬ್ರಾಹ್ಮಿ.

ಅವನು ತಾಟು ಸರಿಸಿ ಎದ್ದುಹೋದ. ಕದದ ಹಿಂದೆ ಬಳೆ ಮತ್ತೆ ಸದ್ದು ಮಾಡಿತು. ಬ್ರಾಹ್ಮಿ ಮಗಳ ಕೈಯಿಂದ ರಟ್ಟಿನ ಉಂಡೆಯನ್ನು ತೆಗೆದುಕೊಂಡು, ಒಲೆಯ ಕೆಂಡಕ್ಕೆ ಹಾಕಿ, ಅದು ಸುರುಟಿ ಕಪ್ಪಾಗುವವರೆಗೆ ನಿಂತಳು. ಅತ್ತೆಯ ಮೇಲಿನ ಕರುಣೆಯಿಂದಲ್ಲ. ಕರುಣೆ ಅವಳಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ನಾಳೆಯೂ ಬಾಲವಾಡಿಗೆ ಹೋಗಬೇಕಿತ್ತು, ಅಲ್ಲಿ ಈ ಉಂಡೆ ಮತ್ತೆ ಟ್ರಂಕಿನ ಹಿಂದೆ ಹೋಗಬಾರದಿತ್ತು. ಗಂಡನಿಗಾಗಲಿ, ನಿಪ್ಪಾಣಿಯ ತವರಿಗಾಗಲಿ, ಸುಂದ್ರವ್ವನಿಗಾಗಲಿ, ಯಾರಿಗೂ ಅತ್ತೆಯ ಗುಟ್ಟು ಹೇಳುವುದಿಲ್ಲವೆಂದು ಅವಳು ಅಲ್ಲೇ, ಒಲೆಯ ಮುಂದೆ, ನಿಶ್ಚಯಿಸಿದಳು.