ಟಬ್ಬು ಒಳಗಿತ್ತು

ಶೆಡ್ಡಿನ ಬಾಗಿಲು ತೆಗೆದದ್ದೇ ಗುನ್ವೊರ್‌ಗೆ ಮೂಗು ಚುರ್ ಅಂದಿತು. ನಿನ್ನೆ ಸಂಜೆ ಬೆಳ್ಳಿತಟ್ಟೆಯಂತೆ ಹೊಳೆಯುತ್ತಿದ್ದ, ಬಿಚ್ಚಿ ಹಲಗೆಗಳ ಮೇಲಿಟ್ಟಿದ್ದ ಟ್ರ್ಯಾಕ್ಟರಿನ ಬಾನೆಟ್ಟಿಗೆ ತುಕ್ಕು ಹಬ್ಬಿಬಿಟ್ಟಿತ್ತು. ಸತ್ತ ಗಂಡ ಆಲ್ವಾರ್‌ನ ಟ್ರ್ಯಾಕ್ಟರು ಅದು. ಆ್ಯಸಿಡ್ ಬಳಿದು, ಉಜ್ಜಿ, ತೊಳೆದು, ಒಣಗಿಸಿ, ಬೆಳಗಾದರೆ ಪ್ರೈಮರ್ ಹೊಡೆಯೋಣವೆಂದು ಇಟ್ಟು ಹೋಗಿದ್ದಳು.

ಶನಿವಾರ ಊರಿನ ಹಳೇ ಟ್ರ್ಯಾಕ್ಟರುಗಳ ಮೆರವಣಿಗೆ. ಅಷ್ಟರೊಳಗೆ ಬಣ್ಣ ಕಾಣದಿದ್ದರೆ ಟ್ರ್ಯಾಕ್ಟರು ಗುಜರಿಗೆ, ಅರ್ಧರ್ಧ ಪಾಲಿನ ಶೆಡ್ಡು ಪೂರ್ತಿ ಆಲ್ವಾರ್‌ನ ಅಣ್ಣ ಹಿಲ್ಡಿಂಗ್‌ಗೆ. ನೆಂಟರೆಲ್ಲ ಏಲಕ್ಕಿ ಬನ್ನು ಮೆಲ್ಲುತ್ತಿದ್ದಾಗ ಹಿಲ್ಡಿಂಗ್ ನಗುನಗುತ್ತ ಅವಳ ಬಾಯಿಂದ ಈ ಮಾತು ಹೊರಡಿಸಿಕೊಂಡಿದ್ದ. ಅವರ ಸ್ಮೋಲಾಂಡ್ ಸೀಮೆಯಲ್ಲಿ ಜಗಳವನ್ನೂ ಕಾಫಿಯ ಜೊತೆಗೇ ಬಡಿಸುತ್ತಾರೆ. ದನಿ ಏರಿಸಿದವರು ಸೋತರು ಎಂದೇ ಲೆಕ್ಕ.

ಬಾನೆಟ್ಟಿನ ಕೆಳಗೆ ಒಂದು ತೆರೆದ ಟಬ್ಬು. ಒಳಗೆ ಹಿಲ್ಡಿಂಗನ ಗೇಟಿನ ಕೊಂಡಿಗಳು ಕಟು ಆ್ಯಸಿಡ್ಡಿನಲ್ಲಿ ಗುಳುಗುಳು ಎನ್ನುತ್ತಿದ್ದವು. ಅದರ ಹಬೆ ಬರಿಮೈ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ಊರಿನವರೆಲ್ಲ ಟಬ್ಬನ್ನು ಅಂಗಳದಲ್ಲಿಡುವುದು.

ಕಾಫಿ ಹಿಡಿದು ಹಿಲ್ಡಿಂಗ್ ಬಂದ. "ಅಯ್ಯೋ ಪಾಪ. ನಿನ್ನ ಮದುಮಗಳಿಗೆ ರಾತ್ರೋರಾತ್ರಿ ಮೊಡವೆ ಎದ್ದಿದೆಯಲ್ಲೇ."

"ಟಬ್ಬು ಯಾಕೆ ಒಳಗಿಟ್ಟೆ?"

"ಮಳೆ ಬರೋ ಹಾಗಿತ್ತು. ಆಮೇಲೆ ಮರ್ತೇಹೋಯ್ತು. ವಯಸ್ಸಾಯ್ತು ನೋಡು."

"ಕಿಟಕಿಗೂ ವಯಸ್ಸಾಗಿ ಕಣ್ಣು ಮುಚ್ಕೊಂಡ್ತಾ?"

"ಚಳಿ ಕಣೆ. ಬಿಡು, ಈ ಟ್ರ್ಯಾಕ್ಟರು ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಆಲ್ವಾರ್ ಥರಾನೇ."

"ತುಕ್ಕು ನಾನು ಇಳಿಸ್ಕೋತೀನಿ. ಸೊಕ್ಕು ಇಳಿಸೋ ಆ್ಯಸಿಡ್ಡು ಯಾವ ಅಂಗಡೀಲಿ ಸಿಗತ್ತೆ ಹೇಳು."

ಅವನು ಕಿಸಕ್ಕನೆ ನಕ್ಕು ಹೋದ.

ಆಗಲೇ ಅವಳ ಕಣ್ಣು ಕಿಟಕಿಯ ಬಳಿಯ ಲೇತಿನ ಮೇಲೆ ಬಿದ್ದದ್ದು. ಕಬ್ಬಿಣ ಕಡೆಯುವ ಹಿಲ್ಡಿಂಗನ ಯಂತ್ರ, ಮಕ್ಕಳನ್ನೂ ಅವನು ಇಷ್ಟು ಮುದ್ದು ಮಾಡಿದವನಲ್ಲ. ಅದರ ಹಳಿ, ತಿರುಗುಮೂತಿ, ಹಿಡಿಕೆ, ಎಲ್ಲಕ್ಕೂ ಹಬೆ ತಾಕದಂತೆ ಗಟ್ಟಿ ಎಣ್ಣೆ, ತೊಟ್ಟಿಕ್ಕುವಷ್ಟು. ನಿನ್ನೆ ಸಂಜೆ ಆ ಎಣ್ಣೆ ಇರಲಿಲ್ಲ. ಮರೆಗುಳಿ ಅದೊಂದನ್ನು ಮಾತ್ರ ಮರೆತಿರಲಿಲ್ಲ.

ಗುನ್ವೊರ್ ಬಾನೆಟ್ಟನ್ನೂ ತನ್ನ ಡಬ್ಬಿಗಳನ್ನೂ ಅಂಗಳಕ್ಕೆ ಸಾಗಿಸಿದಳು. ಒಳಗೆ ಹೋಗಿ, ಪೇಂಟಿಗೆ ಮುಂಚೆ ಜಿಡ್ಡು ತೆಗೆಯಲು ತಂದಿದ್ದ ಥಿನ್ನರಿನಲ್ಲಿ ಬಟ್ಟೆ ಅದ್ದಿ ಲೇತನ್ನು ಒರೆಸತೊಡಗಿದಳು. ಕೂಸಿನ ಕಿವಿಸಂದು ಒರೆಸುವ ಹಾಗೆ, ಒಂದು ಸಂದನ್ನೂ ಬಿಡದೆ. ಲೇತು ಕನ್ನಡಿಯಾಯಿತು. ಟಬ್ಬನ್ನು ಕಾಲಿನಿಂದ ಅದರ ಬುಡಕ್ಕೆ ತಳ್ಳಿ, ಬಾಗಿಲು ಎಳೆದುಕೊಂಡು ಬಂದಳು.

ಬಾನೆಟ್ಟಿಗೆ ಮತ್ತೆ ತನ್ನ ಸೌಮ್ಯ ಆ್ಯಸಿಡ್ ಬಳಿದಳು. ಕಂದು ಕರಗಿ ಬೂದು ಬಣ್ಣ ಮೇಲೆ ಬಂತು. ಪಕ್ಕದಲ್ಲಿ ಪ್ರೈಮರ್ ಡಬ್ಬಿ ಕಾದಿತ್ತು.

ಹಿಲ್ಡಿಂಗ್ ಅಡುಗೆಮನೆಯಿಂದ ಹೊರಗೆ ಬಂದ. "ಮತ್ತೆ ಮೊದಲಿಂದಾನಾ?"

"ಹ್ಞೂಂ. ಶನಿವಾರ ಇನ್ನೂ ಬಂದಿಲ್ವಲ್ಲ."

"ಹೋಗ್ಲಿ, ಟಬ್ಬು ಹೊರಗಿಡ್ಲಾ?"

"ಈಗ್ಯಾಕೆ? ನನ್ನದು ಹೊರಗೇ ಇದೆ. ನಿನ್ನ ಕೊಂಡಿ ಚೆನ್ನಾಗಿ ನೆನೀಲಿ, ಸಂಜೇವರೆಗೂ."

"ಅದೂ ಸರಿಯೇ," ಎಂದ ಹಿಲ್ಡಿಂಗ್. ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಕಚ್ಚಿ, ಅದು ಕರಗುವವರೆಗೂ ಕಾಫಿಯನ್ನು ನಿಧಾನವಾಗಿ ಹೀರುತ್ತ ಕುಳಿತ.